ಇಲ್ಲದ ಮದ್ದಿನ ಲೆಕ್ಕ: ಒಂದು ತಾಲ್ಲೂಕು ಆಸ್ಪತ್ರೆಯ ಆಂಟಿಬಯೋಟಿಕ್ ಪ್ರಕರಣ

ಇದು ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯ ಪ್ರಕರಣ. ನಾನು ಅಲ್ಲಿ ಫಾರ್ಮಸಿ ಅಧಿಕಾರಿ. ಊರು, ವರ್ಷ, ಡಾಕ್ಟರುಗಳ ಹೆಸರು ಇಲ್ಲಿಲ್ಲ. ಗುರುತು ಹತ್ತುವಂಥ ಅಂಕಿಗಳನ್ನೂ ಬಿಟ್ಟಿದ್ದೇನೆ. ಮಧ್ಯೆ ಒಂದು ಕಡೆ ವಯಲ್ (ಇಂಜೆಕ್ಷನ್ ಮದ್ದಿನ ಸಣ್ಣ ಬಾಟಲಿ) ಎಣಿಕೆ ಬರುತ್ತದೆ, ಅದು ಲೆಕ್ಕ ಹಾಕುವ ರೀತಿ ತೋರಿಸೋಕೆ ಮಾತ್ರ. ತಪ್ಪುಗಳನ್ನು ಮಾತ್ರ ಮುಚ್ಚಿಟ್ಟಿಲ್ಲ. ಅವುಗಳಲ್ಲಿ ದೊಡ್ಡದೊಂದು ನನ್ನದೇ.

ಹಿನ್ನೆಲೆ

ನೂರು ಹಾಸಿಗೆಯ ಆಸ್ಪತ್ರೆ. ಹೆರಿಗೆ ವಾರ್ಡು ಸದಾ ತುಂಬಿರುತ್ತದೆ. ಮಳೆಗಾಲ ಬಂತೆಂದರೆ ಜ್ವರದವರಿಗೆ ಹಾಸಿಗೆ ಸಾಲುವುದಿಲ್ಲ. ಸರ್ಜನ್, ಹೆರಿಗೆ ತಜ್ಞರು, ಮಕ್ಕಳ ಡಾಕ್ಟರ್, ಫಿಜಿಶಿಯನ್ ಇದ್ದಾರೆ. ಮೈಕ್ರೋಬಯಾಲಜಿಸ್ಟ್ ಇಲ್ಲ. ಕಲ್ಚರ್ (ಯಾವ ರೋಗಾಣು, ಅದಕ್ಕೆ ಯಾವ ಮದ್ದು ನಡೆಯುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿಸಬೇಕಾದರೆ ಮಾದರಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ವರದಿ ಬರುವ ಹೊತ್ತಿಗೆ ರೋಗಿ ಮನೆ ಸೇರಿ ಹೊಲದ ಕೆಲಸಕ್ಕೂ ಹೋಗಿರುತ್ತಾರೆ.

ಮದ್ದು ಬರುವುದಕ್ಕೆ ಎರಡು ದಾರಿ. ಒಂದು ವಾರ್ಷಿಕ ಇಂಡೆಂಟ್. ಮುಂದಿನ ವರ್ಷಕ್ಕೆ ಏನೇನು ಎಷ್ಟೆಷ್ಟು ಬೇಕು ಅಂತ ನಾವು ಬರೆದು ಕಳಿಸುತ್ತೇವೆ, ಮೇಲಿನಿಂದ ಟೆಂಡರ್ ದರದಲ್ಲಿ ಬರುತ್ತದೆ. ಕೇಳಿದ್ದೆಲ್ಲ ಬರುವುದಿಲ್ಲ, ಬಂದದ್ದೂ ಹೇಳಿದ ತಿಂಗಳಿಗೆ ಬರುವುದಿಲ್ಲ. ಆಗ ಎರಡನೇ ದಾರಿ, ಲೋಕಲ್ ಪರ್ಚೇಸ್. ಆರೋಗ್ಯ ರಕ್ಷಾ ಸಮಿತಿಯ ದುಡ್ಡು, ವಿಮಾ ಯೋಜನೆಯ ಕ್ಲೇಮಿನಿಂದ ಆಸ್ಪತ್ರೆಗೆ ಬಂದ ದುಡ್ಡು, ಇವುಗಳಲ್ಲಿ ಹೊರಗಿನಿಂದ ಕೊಳ್ಳುತ್ತೇವೆ. ಟೆಂಡರ್ ದರಕ್ಕೂ ಇದಕ್ಕೂ ಅಜಗಜಾಂತರ.

ಎರಡೂ ಆಗದಿದ್ದರೆ ಚೀಟಿ. "ಹೊರಗಡೆಯಿಂದ ತಗೊಂಡು ಬನ್ನಿ." ಇದು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ರೋಗಿಯ ಮನೆಯವರ ಜೇಬಿನಲ್ಲಿ ಮಾತ್ರ ಕಾಣುತ್ತದೆ.

ಸಮಸ್ಯೆ

ಒಂದು ವರ್ಷ ನವೆಂಬರಿಗೇ ಲೋಕಲ್ ಪರ್ಚೇಸ್ ದುಡ್ಡು ತಳ ಕಂಡಿತು. ಆಡಳಿತ ವೈದ್ಯಾಧಿಕಾರಿಗಳು ಕರೆದು ಕೇಳಿದರು, "ಏನ್ರೀ ಇದು? ಮಾರ್ಚ್‌ವರೆಗೂ ಬರಬೇಕಾದ್ದು ಎಲ್ಲಿ ಹೋಯ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಲ್ಲುಗಳಿದ್ದವು, ಉತ್ತರ ಇರಲಿಲ್ಲ.

ಕೂತು ಎಬಿಸಿ ವಿಶ್ಲೇಷಣೆ ಮಾಡಿದೆ. ಇದೇನು ದೊಡ್ಡ ವಿದ್ಯೆಯಲ್ಲ. ಪ್ರತಿ ಮದ್ದಿಗೆ ವರ್ಷದಲ್ಲಿ ಆದ ಖರ್ಚು ಬರೆದು, ಜಾಸ್ತಿಯಿಂದ ಕಡಿಮೆಗೆ ಜೋಡಿಸುವುದು. ಒಟ್ಟು ಖರ್ಚಿನ ಶೇ 70ರಷ್ಟನ್ನು ನುಂಗುವ ಮೊದಲ ಕೆಲವು ಐಟಂ 'ಎ', ಮುಂದಿನ ಶೇ 20 'ಬಿ', ಉಳಿದ ಉದ್ದನೆಯ ಬಾಲ 'ಸಿ'. ನಮ್ಮ 'ಎ' ಪಟ್ಟಿ ಅಂಗೈಯಗಲ ಇತ್ತು. ಅದರ ತಲೆಯ ಮೇಲೆ ಕೂತಿದ್ದು ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಇಂಜೆಕ್ಷನ್.

ದರ ನೋಡಿದರೆ ಅದು ದುಬಾರಿ ಮದ್ದೇ ಅಲ್ಲ. ಹಾಗಾದರೆ ಪಟ್ಟಿಯ ಮೇಲೆ ಯಾಕೆ ಬಂತು? ಎಲ್ಲದಕ್ಕೂ ಅದೇ ಹೋಗುತ್ತಿತ್ತು. ಸಿಸೇರಿಯನ್ ಆದರೆ ಐದು ದಿನ, ಹರ್ನಿಯಾ ಆದರೆ ಐದು ದಿನ, ಮಗುವಿಗೆ ಕೆಮ್ಮು ಬಂದರೆ ಮೂರು ದಿನ, ಜ್ವರ ಅಂತ ಬಂದು ಮಲಗಿದರೆ ಗ್ಲುಕೋಸ್ ಬಾಟಲಿಯ ಜೊತೆಗೇ ಅದು. ರಾತ್ರಿ ಡ್ಯೂಟಿಯಲ್ಲಿ ಯಾರಿಗೆ ಏನು ಅಂತ ಗೊತ್ತಾಗದಿದ್ದರೂ ಅದು ಗೊತ್ತು.

ವಯಲ್ ಎಣಿಸಿದರೆ ಸಾಲದು ಅಂತ ಆಗ ಅರ್ಥವಾಯಿತು. 250 ಮಿಲಿಗ್ರಾಂ ವಯಲ್ಲೂ ಒಂದೇ, 1 ಗ್ರಾಂ ವಯಲ್ಲೂ ಒಂದೇ ಅಂತ ಎಣಿಸಿದರೆ ಲೆಕ್ಕ ಕೆಡುತ್ತದೆ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯೊಂದಿದೆ, ಡಿಡಿಡಿ (ಡಿಫೈನ್ಡ್ ಡೈಲಿ ಡೋಸ್). ದೊಡ್ಡವರೊಬ್ಬರಿಗೆ ಆ ಮದ್ದಿನ ಮುಖ್ಯ ಬಳಕೆಗೆ ದಿನಕ್ಕೆ ಸರಾಸರಿ ಬೇಕಾಗುವ ಪ್ರಮಾಣ ಅದು. ಸೆಫ್ಟ್ರಿಯಾಕ್ಸೋನ್‌ಗೆ 2 ಗ್ರಾಂ, ಅಮಿಕಾಸಿನ್‌ಗೆ 1 ಗ್ರಾಂ, ಅಮಾಕ್ಸಿಸಿಲಿನ್ ಮಾತ್ರೆಗೆ 1.5 ಗ್ರಾಂ. ವಾರ್ಡಿಗೆ ಹೋದ ಒಟ್ಟು ಗ್ರಾಮನ್ನು ಇದರಿಂದ ಭಾಗಿಸಿ, ರೋಗಿಗಳು ಮಲಗಿದ್ದ ಒಟ್ಟು ದಿನಗಳಿಂದ ಭಾಗಿಸಿ, ನೂರರಿಂದ ಗುಣಿಸಿದರೆ ನೂರು ಹಾಸಿಗೆ-ದಿನಕ್ಕೆ ಎಷ್ಟು ಬಳಕೆ ಅಂತ ಸಿಗುತ್ತದೆ. ಮಕ್ಕಳ ವಾರ್ಡಿಗೆ ಈ ಅಳತೆ ಹೊಂದುವುದಿಲ್ಲ, ತೂಕದ ಮೇಲೆ ಡೋಸ್ ಅಲ್ವಾ. ಅವರಿಗೆ ನಾವು ಎಷ್ಟು ಮಕ್ಕಳಿಗೆ ಎಷ್ಟು ದಿನ ಅಂತಷ್ಟೇ ಎಣಿಸಿದೆವು.

ಇನ್ನೊಂದು ಪಟ್ಟಿಯೂ ಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು. ಮೊದಲು ಕೈ ಹಾಕಬೇಕಾದವು 'ಆಕ್ಸೆಸ್', ಕಣ್ಣಿಟ್ಟು ಬಳಸಬೇಕಾದವು 'ವಾಚ್', ಬೇರೆ ಯಾವುದೂ ನಡೆಯದಾಗ ಮಾತ್ರ ತೆಗೆಯಬೇಕಾದವು 'ರಿಸರ್ವ್'. ಅಮಾಕ್ಸಿಸಿಲಿನ್, ಸೆಫಜೋಲಿನ್, ಕ್ಲಾಕ್ಸಾಸಿಲಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್ ಮೊದಲ ಗುಂಪು. ಸೆಫ್ಟ್ರಿಯಾಕ್ಸೋನ್, ಸೆಫೊಟಾಕ್ಸಿಮ್, ಅಜಿತ್ರೊಮೈಸಿನ್, ಮೆರೊಪೆನೆಮ್ ಎರಡನೆಯದು. 2024ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ, 2030ರೊಳಗೆ ಜಗತ್ತಿನಲ್ಲಿ ಮನುಷ್ಯರಿಗೆ ಬಳಸುವ ಆಂಟಿಬಯೋಟಿಕ್‌ಗಳಲ್ಲಿ ಕನಿಷ್ಠ ಶೇ 70ರಷ್ಟು ಮೊದಲ ಗುಂಪಿನದ್ದೇ ಆಗಿರಬೇಕು ಅಂತ ಗುರಿ ಇಟ್ಟಿದೆ. ನಮ್ಮಲ್ಲಿ ತಕ್ಕಡಿ ಪೂರ್ತಿ ಎರಡನೇ ಗುಂಪಿನ ಕಡೆ ವಾಲಿತ್ತು.

ಮೊದಲ ಪ್ರಯತ್ನ: ಸುತ್ತೋಲೆ

ಸರ್ಕಾರಿ ಕಚೇರಿಯಲ್ಲಿ ಏನಾದರೂ ಜಾಸ್ತಿಯಾದರೆ ಮೊದಲು ಹೊಳೆಯುವುದು ಸುತ್ತೋಲೆ. ನಮಗೂ ಅದೇ ಹೊಳೆಯಿತು. "ಇನ್ನು ಮುಂದೆ ಸೆಫ್ಟ್ರಿಯಾಕ್ಸೋನ್ ಬೇಕಾದರೆ ಕಾರಣ ಬರೆದು ಫಾರಂ ಕೊಡತಕ್ಕದ್ದು." ಫಾರಂ ಬರೆದವನು ನಾನೇ. ಚೆನ್ನಾಗಿ ಬರೆದಿದ್ದೇನೆ ಅಂತ ಹೆಮ್ಮೆಯೂ ಇತ್ತು.

ಫಾರಂಗಳು ಬಂದವು. ಕಾರಣದ ಜಾಗದಲ್ಲಿ ಎಲ್ಲರೂ ಬರೆದಿದ್ದು ಒಂದೇ, "ಸೆಪ್ಸಿಸ್?" ಅಂದರೆ ಸೋಂಕು ಮೈಯೆಲ್ಲ ಹಬ್ಬಿ ಜೀವಕ್ಕೆ ಅಪಾಯವಾಗುವ ಸ್ಥಿತಿ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಹರ್ನಿಯಾ ಆಪರೇಷನ್ನಿಗೆ ನಡೆದುಕೊಂಡು ಬಂದ ಮನುಷ್ಯನಿಗೂ "ಸೆಪ್ಸಿಸ್?". ಎರಡನೇ ವಾರಕ್ಕೆ ಸಿಸ್ಟರುಗಳೇ ಫಾರಂ ತುಂಬಿ ಸಹಿ ಹಾಕಿಸತೊಡಗಿದರು.

ಸೆಫ್ಟ್ರಿಯಾಕ್ಸೋನ್ ಸ್ವಲ್ಪ ಇಳಿಯಿತು, ನಿಜ. ಆದರೆ ಅದೇ ತಿಂಗಳು ಸೆಫೊಟಾಕ್ಸಿಮ್ ಏರಿತು. ಇಬ್ಬರೂ ಒಂದೇ ಮನೆಯವರು, ಒಂದೇ ಗುಂಪಿನವರು. ಅಮಿಕಾಸಿನ್ನನ್ನು ಸುಮ್ನೆ ಜೊತೆಗೆ ಸೇರಿಸುವುದೂ ಶುರುವಾಯಿತು. ಖರ್ಚು ಇದ್ದಲ್ಲೇ ಇತ್ತು. ಹೊರಗಿನ ಚೀಟಿ ಮಾತ್ರ ಹೆಚ್ಚಾಯಿತು. ಒಂದು ರಾತ್ರಿ ಬಾಣಂತಿಯೊಬ್ಬರ ಅಣ್ಣ ಬಂದು ಕಿಟಕಿ ಬಡಿದರು. "ಸಾರ್, ನೀವು ಕೊಡಲ್ಲ ಅಂದ್ರಂತೆ, ಅದಕ್ಕೆ ಹೊರಗಡೆ ತರ್ಬೇಕಂತೆ. ಆಸ್ಪತ್ರೆ ಯಾಕ್ ಸಾರ್ ಇಟ್ಟಿದೀರಿ?" ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ತಿರುವು

ಮರುದಿನ ಸರ್ಜನ್ ಸ್ಟೋರಿಗೇ ಬಂದರು. ಹಿರಿಯರು, ಮಾತು ಕಡಿಮೆ. ಸುತ್ತೋಲೆಯ ಪ್ರತಿ ಕೈಯಲ್ಲಿತ್ತು. "ರೀ, ಇದನ್ನ ಹಾಕ್ಬೇಡಿ ಅಂತ ಬರೆದಿದ್ದೀರಿ. ಬದಲಿಗೆ ಏನು ಹಾಕ್ಬೇಕು ಅಂತ ಒಂದು ಸಾಲು ಬರೆದಿದ್ದೀರಾ? ಆಪರೇಷನ್‌ಗೆ ಮುಂಚೆ ಸೆಫಜೋಲಿನ್ ಸಾಕು ಅಂತ ನನಗೂ ಗೊತ್ತು. ನಾನು ಪಿ.ಜಿ. ಮಾಡುವಾಗ ಅದನ್ನೇ ಹಾಕ್ತಿದ್ದೆ. ಇಲ್ಲಿ ಇದೆಯಾ?"

ಇರಲಿಲ್ಲ. ದಾಸ್ತಾನು ಪುಸ್ತಕ ತೆಗೆದೆ. ಸೆಫಜೋಲಿನ್ ಸಾಲಿನಲ್ಲಿ ವರ್ಷದಿಂದ ವರ್ಷಕ್ಕೆ ಸೊನ್ನೆ, ಸೊನ್ನೆ, ಸೊನ್ನೆ. ಇಂಡೆಂಟ್ ಪ್ರತಿ ತೆಗೆದೆ. ಅಲ್ಲೂ ಸೊನ್ನೆ. ಪಕ್ಕದ ಷರಾ ಕಾಲಂನಲ್ಲಿ ನನ್ನದೇ ಅಕ್ಷರ: "ಬೇಡಿಕೆ ಇಲ್ಲ".

ಆ ಎರಡು ಪದ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಇಂಡೆಂಟ್ ಬರೆಯುತ್ತಿದ್ದ ರೀತಿ ಎಲ್ಲರೂ ಬರೆಯುವ ರೀತಿಯೇ. ಹೋದ ವರ್ಷ ಎಷ್ಟು ಖರ್ಚಾಯಿತೋ ಅದಕ್ಕೆ ಒಂದಿಷ್ಟು ಸೇರಿಸುವುದು. ಈ ರೀತಿಯಲ್ಲಿ ಇದ್ದ ಮದ್ದು ವರ್ಷ ವರ್ಷ ಬೆಳೆಯುತ್ತದೆ. ಇಲ್ಲದ ಮದ್ದು ಎಂದಿಗೂ ಹುಟ್ಟುವುದಿಲ್ಲ. ಒಮ್ಮೆ ಯಾವುದೋ ಕಾರಣಕ್ಕೆ ಸರಬರಾಜು ತಪ್ಪಿತೋ, ಆ ವರ್ಷದ ಖರ್ಚು ಸೊನ್ನೆ. ಖರ್ಚು ಸೊನ್ನೆಯಾದ್ದರಿಂದ ಮುಂದಿನ ಇಂಡೆಂಟ್ ಸೊನ್ನೆ. ಡಾಕ್ಟರುಗಳು ಇರುವುದನ್ನು ಬರೆಯುತ್ತಾರೆ. ಇರುವುದು ಸೆಫ್ಟ್ರಿಯಾಕ್ಸೋನ್. ಅದರ ಖರ್ಚು ಏರುತ್ತದೆ, ಇಂಡೆಂಟೂ ಏರುತ್ತದೆ. ಡಾಕ್ಟರುಗಳ ಅಭ್ಯಾಸ ಅಂತ ನಾನು ದೂರುತ್ತಿದ್ದುದರಲ್ಲಿ ಅರ್ಧ ನನ್ನ ಪೆನ್ನಿನಿಂದಲೇ ಬಂದಿತ್ತು.

ಇನ್ನೂ ಒಂದು ಹೇಳಬೇಕು. ಜಾಸ್ತಿ ತರಿಸಿದ ಸೆಫ್ಟ್ರಿಯಾಕ್ಸೋನ್ ಅವಧಿ ಮುಗಿಯುವ ಹಂತಕ್ಕೆ ಬಂದಾಗ, ವಾರ್ಡಿಗೆ ಫೋನ್ ಮಾಡಿ "ಸಿಸ್ಟರ್, ಇದು ಸ್ವಲ್ಪ ಬೇಗ ಖಾಲಿ ಮಾಡ್ಸಿ" ಅಂದಿದ್ದೇನೆ. ಆಡಿಟ್‌ನಲ್ಲಿ ಎಕ್ಸ್‌ಪೈರಿ ತೋರಿಸುವ ಭಯ. ಯಾವ ಸ್ಟೋರಿನವರನ್ನು ಕೇಳಿದರೂ ಒಳಗೊಳಗೆ ಒಪ್ಪುತ್ತಾರೆ.

ಎರಡನೇ ಪ್ರಯತ್ನ

ಸುತ್ತೋಲೆ ಹಿಂದಕ್ಕೆ ಪಡೆದೆವು. ಆಡಳಿತ ವೈದ್ಯಾಧಿಕಾರಿಗಳು ಇದಕ್ಕೆ ಒಪ್ಪಿದ್ದು ದೊಡ್ಡ ಮಾತು. ಹೊರಡಿಸಿದ ಆದೇಶ ವಾಪಸ್ ತಗೊಳ್ಳುವುದು ನಮ್ಮ ವ್ಯವಸ್ಥೆಯಲ್ಲಿ ಸುಲಭವಲ್ಲ.

ಮೊದಲು ಇಂಡೆಂಟ್ ಲೆಕ್ಕ ತಿದ್ದಿದೆ. ಒಂದು ಮದ್ದು ವರ್ಷದಲ್ಲಿ 120 ವಯಲ್ ಖರ್ಚಾಗಿದೆ ಅನ್ನಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 10. ಆದರೆ ಅದು ಸ್ಟೋರಿನಲ್ಲಿ ಇದ್ದದ್ದೇ 4 ತಿಂಗಳು ಅಂದರೆ? ಆಗ ನಿಜವಾದ ಬೇಡಿಕೆ ತಿಂಗಳಿಗೆ 30, ವರ್ಷಕ್ಕೆ 360. ಮದ್ದು ಇಲ್ಲದ ದಿನಗಳನ್ನು ಕಳೆದು ಭಾಗಿಸಬೇಕು, ಅಷ್ಟೇ. ಇದಕ್ಕೆ ಬೇಕಾದದ್ದು ದಾಸ್ತಾನು ಯಾವ ದಿನ ಸೊನ್ನೆಯಾಯಿತು, ಯಾವ ದಿನ ಮತ್ತೆ ಬಂತು ಅನ್ನುವ ಎರಡು ತಾರೀಕು. ಪುಸ್ತಕದಲ್ಲಿ ಅವು ಮೊದಲಿನಿಂದಲೂ ಇದ್ದವು. ಯಾರೂ ನೋಡಿರಲಿಲ್ಲ.

ವರ್ಷವಿಡೀ ಸೊನ್ನೆ ಇದ್ದ ಮದ್ದಿಗೆ ಈ ಲೆಕ್ಕವೂ ನಡೆಯುವುದಿಲ್ಲ. ಅದಕ್ಕೆ ರೋಗಿಯ ಕಡೆಯಿಂದ ಎಣಿಸಬೇಕು. ಒಟಿ (ಆಪರೇಷನ್ ಥಿಯೇಟರ್) ರಿಜಿಸ್ಟರಿನಲ್ಲಿ ವರ್ಷಕ್ಕೆ ಎಷ್ಟು ಸಿಸೇರಿಯನ್, ಎಷ್ಟು ಹರ್ನಿಯಾ ಅಂತ ತೆಗೆದು, ಐದು ದಿನದ ಬದಲು ಆಪರೇಷನ್‌ಗೆ ಮುಂಚೆ ಒಂದೇ ಡೋಸ್, ಒಬ್ಬರಿಗೆ ಸೆಫಜೋಲಿನ್ 2 ಗ್ರಾಂ ಅಂತ ಗುಣಿಸಿದೆ. ಮುಂದಿನ ಇಂಡೆಂಟಿಗೆ ಕಾಯದೆ ಮೊದಲ ಕಂತನ್ನು ಲೋಕಲ್ ಪರ್ಚೇಸಿನಲ್ಲೇ ತರಿಸಿದೆವು.

ಅದನ್ನು ಎಲ್ಲಿಡುವುದು ಅನ್ನುವುದು ಸಣ್ಣ ಪ್ರಶ್ನೆಯಂತೆ ಕಂಡಿತು. ವಾರ್ಡಿನಲ್ಲಿಟ್ಟರೆ, ಅಲ್ಲಿಂದಲೇ ಹಾಕಿ ಕಳಿಸಿದ್ದಾರೆ ಅಂತ ಒಟಿಯವರು, ಒಟಿಯಲ್ಲಿ ಹಾಕುತ್ತಾರೆ ಅಂತ ವಾರ್ಡಿನವರು ತಿಳಿದುಕೊಳ್ಳುತ್ತಾರೆ. ಚರ್ಮ ಕೊಯ್ಯುವ ಮುಂಚೆ ಒಂದು ಗಂಟೆಯೊಳಗೆ ಈ ಡೋಸ್ ರಕ್ತದಲ್ಲಿರಬೇಕು. ಆಮೇಲೆ ಹಾಕಿದರೆ ಸೋಂಕು ತಡೆಯುವ ಲಾಭ ಕಡಿಮೆ. ಒಟಿ ಸಿಸ್ಟರ್ ಒಬ್ಬರು ದಾರಿ ಹೇಳಿದರು, "ಅನಸ್ತೇಶಿಯಾ ಟ್ರೇನಲ್ಲೇ ಇಡಿ ಸರ್. ಸೂಜಿ ಹಾಕೋ ಹೊತ್ತಿಗೆ ಅದೂ ಹೋಗುತ್ತೆ." ಹಾಗೇ ಮಾಡಿದೆವು. ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಟ್ಟ ತೀರ್ಮಾನ ಇದು.

ಹೆರಿಗೆ ತಜ್ಞರು ಸುಲಭಕ್ಕೆ ಒಪ್ಪಲಿಲ್ಲ. "ಒಂದೇ ಡೋಸ್ ಕೊಟ್ಟು ನಿಲ್ಲಿಸಿ, ನಾಳೆ ಹೊಲಿಗೆ ಕೀವಾದ್ರೆ ಜನ ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ," ಅಂದರು ಮೇಡಂ. ಮಾತು ಸರಿಯಾಗಿತ್ತು. ಪುಸ್ತಕ ತೋರಿಸಿ ವಾದ ಮಾಡಲಿಲ್ಲ. ಮೊದಲು ದಿನ ಗೊತ್ತು ಮಾಡಿ ಮಾಡುವ ಸಿಸೇರಿಯನ್‌ಗಳಿಗೆ ಮಾತ್ರ ಅಂತ ಮಿತಿ ಹಾಕಿಕೊಂಡೆವು. ನೀರು ಒಡೆದು ತುಂಬಾ ಹೊತ್ತಾಗಿ ಬಂದವರು, ಜ್ವರ ಇದ್ದವರು ಇದರಲ್ಲಿಲ್ಲ. ಗಾಯದ ರಿಜಿಸ್ಟರ್ ಒಂದನ್ನು ಶುರು ಮಾಡಿದೆವು. ಡಿಸ್ಚಾರ್ಜ್ ಆದ ಮೇಲೆ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೇಗೂ ಹೋಗುತ್ತಾರೆ. ಹೊಲಿಗೆ ನೋಡಿ ಒಂದು ಫೋನ್ ಮಾಡಿ ಅಂತ ಕೇಳಿಕೊಂಡೆವು. ಕೀವಾದವರು ಜಾಸ್ತಿ ಕಂಡರೆ ಹಳೇ ಪದ್ಧತಿಗೆ ವಾಪಸ್ ಅಂತ ಮೊದಲೇ ಬರೆದು ಸಹಿ ಹಾಕಿದೆವು. ವಾಪಸ್ ಹೋಗುವ ಬಾಗಿಲು ತೆರೆದಿದೆ ಅಂತ ಗೊತ್ತಾದ ಮೇಲೆಯೇ ಮೇಡಂ ಒಳಗೆ ಕಾಲಿಟ್ಟರು.

ಜ್ವರದ ವಾರ್ಡಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಏನೂ ನಡೆಯಲಿಲ್ಲ. ಅಲ್ಲಿ ಮೂರನೇ ದಿನದ ಪ್ರಶ್ನೆ ಅಂತ ಮಾಡಿದೆವು. ಕೇಸ್ ಶೀಟಿನ ಮೇಲೆ ಒಂದು ಮೊಹರು: ಯಾತಕ್ಕೆ, ಇನ್ನೂ ಬೇಕಾ, ಮಾತ್ರೆಗೆ ಬದಲಿಸಬಹುದಾ. ಬಹಳ ದಿನ ಅದು ಖಾಲಿ ಮೊಹರಾಗಿಯೇ ಇತ್ತು. ಸಿಸ್ಟರ್ ಡಾಕ್ಟರನ್ನು ಕೇಳುವುದಾದರೂ ಹೇಗೆ? ಫಿಜಿಶಿಯನ್ ತಾವೇ ಬೆಳಗಿನ ರೌಂಡ್ಸಿನಲ್ಲಿ "ಸಿಸ್ಟರ್, ಇವತ್ತು ಮೂರನೇ ದಿನದವರು ಯಾರ್‍ಯಾರು?" ಅಂತ ಕೇಳಲು ಶುರು ಮಾಡಿದ ಮೇಲೆ ಸ್ವಲ್ಪ ಜೀವ ಬಂತು. ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲು ಸದಾ ಇರುವಂತೆ ನೋಡಿಕೊಂಡೆವು. ಹೊಲ, ಪೊದೆ, ತೋಟದಿಂದ ಬರುವ ಜ್ವರದವರಲ್ಲಿ ಕೆಲವರಿಗೆ ಸ್ಕ್ರಬ್ ಟೈಫಸ್ (ಸಣ್ಣ ನುಸಿ ಕಚ್ಚಿ ಬರುವ ಜ್ವರ) ಇರುತ್ತದೆ. ಅದಕ್ಕೆ ಸೆಫ್ಟ್ರಿಯಾಕ್ಸೋನ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲ, ಡಾಕ್ಸಿ ಹಾಕಿದರೆ ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇದನ್ನು ಕಣ್ಣಾರೆ ಕಂಡ ಡ್ಯೂಟಿ ಡಾಕ್ಟರುಗಳು ಯಾವ ತರಬೇತಿಯಿಂದಲೂ ಬದಲಾಗದಷ್ಟು ಬದಲಾದರು.

ಏನಾಯಿತು

ಒಟಿ ಕಡೆಯಿಂದ ಸೆಫ್ಟ್ರಿಯಾಕ್ಸೋನ್ ಬೇಡಿಕೆ ಎದ್ದು ಕಾಣುವಷ್ಟು ಇಳಿಯಿತು. ಜ್ವರದ ವಾರ್ಡಿನಲ್ಲಿ ಅಷ್ಟಿಷ್ಟು. ಮಕ್ಕಳ ವಾರ್ಡಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಗಾಯದ ರಿಜಿಸ್ಟರಿನಲ್ಲಿ ಮೇಡಂ ಹೆದರಿದಂಥದ್ದು ಕಾಣಲಿಲ್ಲ. ಆದರೆ ಮುಂಚೆ ಇಂಥ ರಿಜಿಸ್ಟರೇ ಇರದ ಕಾರಣ, "ಮೊದಲಿಗಿಂತ ಕಡಿಮೆಯಾಯಿತು" ಅಂತ ಎದೆ ತಟ್ಟಿ ಹೇಳುವ ಹಕ್ಕು ನಮಗಿಲ್ಲ. ಈ ಕೆಲಸಕ್ಕೆ ಇಳಿಯುವವರು ಮದ್ದು ಬದಲಿಸುವ ಎರಡು ಮೂರು ತಿಂಗಳ ಮುಂಚೆಯೇ ಗಾಯಗಳನ್ನು ಎಣಿಸಲು ಶುರು ಮಾಡಿ.

ದುಡ್ಡಿನ ವಿಷಯದಲ್ಲಿ ತಮಾಷೆ ನಡೆಯಿತು. ಆಡಿಟ್ ಬಂದಾಗ ಆಕ್ಷೇಪಣೆ: "ಕಡಿಮೆ ದರದ ಸೆಫ್ಟ್ರಿಯಾಕ್ಸೋನ್ ದಾಸ್ತಾನು ಇರುವಾಗ ಹೆಚ್ಚಿನ ದರದ ಸೆಫಜೋಲಿನ್ ಖರೀದಿಸಿದ್ದೇಕೆ?" ವಯಲ್ಲಿಗೆ ವಯಲ್ ಹೋಲಿಸಿದರೆ ಅವರ ಮಾತು ಸರಿ. ಟೆಂಡರಿನಲ್ಲಿ ಬಂದ ಸೆಫ್ಟ್ರಿಯಾಕ್ಸೋನ್ ಅಗ್ಗ, ಅಂಗಡಿಯಿಂದ ತಂದ ಸೆಫಜೋಲಿನ್ ದುಬಾರಿ. ನಾನು ಉತ್ತರಕ್ಕೆ ಒಬ್ಬ ಬಾಣಂತಿಯ ಲೆಕ್ಕ ಬರೆದೆ. ಹಳೇ ಪದ್ಧತಿಯಲ್ಲಿ ದಿನಕ್ಕೆ 1 ಗ್ರಾಮಿನ ಎರಡು ವಯಲ್, ಐದು ದಿನಕ್ಕೆ ಹತ್ತು. ಜೊತೆಗೆ ಹತ್ತು ಸಿರಿಂಜ್, ಹತ್ತು ಸಲ ಕರಗಿಸುವ ನೀರು, ಕೈಗೆ ಚುಚ್ಚಿದ ಕ್ಯಾನುಲಾ ಐದು ದಿನ ಹಾಗೇ, ಹತ್ತು ಸಲ ಸಿಸ್ಟರ್ ಓಡಾಟ. ಹೊಸ ಪದ್ಧತಿಯಲ್ಲಿ ಎರಡು ವಯಲ್, ಒಂದು ಸಲ, ಮುಗಿಯಿತು. ಆಕ್ಷೇಪಣೆ ಕೈಬಿಟ್ಟರು. ಆಮೇಲೆ ಇದೇ ಹಾಳೆಯನ್ನು ಪ್ರತಿ ಹೊಸ ಡಾಕ್ಟರಿಗೂ ತೋರಿಸುತ್ತಿದ್ದೇನೆ. ದರದ ಪಟ್ಟಿ ನೋಡಿ ಖರ್ಚು ಅಳೆಯುವವರಿಗೆ ಇದು ಯಾವತ್ತೂ ಕಾಣುವುದಿಲ್ಲ. ರೋಗಿಯೊಬ್ಬರ ಪೂರ್ತಿ ಕೋರ್ಸಿಗೆ ಎಷ್ಟು ಅಂತ ನೋಡಿದರೆ ಮಾತ್ರ ಕಾಣುತ್ತದೆ.

ಹಿನ್ನಡೆಯೂ ಆಯಿತು. ಒಮ್ಮೆ ಸೆಫಜೋಲಿನ್ ಬರುವುದು ತಡವಾಯಿತು. ಟ್ರೇ ಖಾಲಿ. ವಾರದೊಳಗೆ ಎಲ್ಲರೂ ಹಳೇ ಐದು ದಿನದ ಪದ್ಧತಿಗೆ ಮರಳಿದರು. ಮದ್ದು ಬದಲಾಗಿದ್ದರೂ ಅವಧಿ ಒಂದೇ ಡೋಸಿಗೆ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಮದ್ದಿನ ಹೆಸರು ಮತ್ತು ಎಷ್ಟು ದಿನ ಅನ್ನುವುದು ಡಾಕ್ಟರುಗಳ ಮನಸ್ಸಿನಲ್ಲಿ ಅಂಟಿಕೊಂಡೇ ಇರುತ್ತವೆ ಅಂತ ಆಗ ಗೊತ್ತಾಯಿತು. ಮದ್ದು ವಾಪಸ್ ಬಂದ ಮೇಲೆ ಮತ್ತೆ ಸರಿ ದಾರಿಗೆ ತರಲು ತಿಂಗಳುಗಳೇ ಹಿಡಿದವು. ಅಂದಿನಿಂದ ಒಟಿ ಪಾಲಿನ ಸೆಫಜೋಲಿನ್‌ನಲ್ಲಿ ಒಂದು ಪೆಟ್ಟಿಗೆಯನ್ನು ಬೇರೆ ಇಟ್ಟು ಬೀಗ ಹಾಕಿದ್ದೇನೆ. ಅದನ್ನು ಮುಟ್ಟುವ ದಿನವೇ ಹೊಸ ಆರ್ಡರ್ ಹೋಗಬೇಕು.

ವರ್ಗಾವಣೆ ಇನ್ನೊಂದು ಪೆಟ್ಟು. ನಮ್ಮ ಜೊತೆ ನಿಂತಿದ್ದ ಮೇಡಂ ಕೌನ್ಸೆಲಿಂಗಿನಲ್ಲಿ ತಮ್ಮ ಊರಿನ ಕಡೆ ಹೋದರು. ಹೊಸಬರು ಬಂದ ಮೊದಲ ದಿನವೇ ಐದು ದಿನದ ಆರ್ಡರ್. ಈ ಸಲ ನಾನು ಮಾತಾಡುವ ಮುಂಚೆ ಒಟಿ ಸಿಸ್ಟರೇ ಗಾಯದ ರಿಜಿಸ್ಟರ್ ಅವರ ಮುಂದೆ ಇಟ್ಟರು. ಡಾಕ್ಟರುಗಳು ಬರುತ್ತಾರೆ, ಹೋಗುತ್ತಾರೆ. ಒಟಿ ಸಿಸ್ಟರ್ ಅದೇ ಊರಿನವರು, ಹದಿನೈದು ವರ್ಷದಿಂದ ಅಲ್ಲೇ ಇದ್ದಾರೆ. ಮತ್ತೊಮ್ಮೆ ಇದನ್ನೆಲ್ಲ ಶುರು ಮಾಡುವುದಾದರೆ ಮೊದಲ ಮೀಟಿಂಗನ್ನು ಡಾಕ್ಟರುಗಳ ಜೊತೆ ಅಲ್ಲ, ಅವರ ಜೊತೆ ಮಾಡುತ್ತೇನೆ.

ಉಳಿದದ್ದು

ಮಕ್ಕಳ ವಾರ್ಡು ಹಾಗೇ ಇದೆ. ಕೆಮ್ಮಿನ ಜೊತೆ ಏದುಸಿರು ಬಿಡುವ ಮಗುವಿಗೆ, ಬೇರೆ ಅಪಾಯದ ಲಕ್ಷಣ ಇಲ್ಲದಿದ್ದರೆ, ಅಮಾಕ್ಸಿಸಿಲಿನ್ ಬಾಯಿಗೆ ಕೊಟ್ಟರೆ ಸಾಕು. ಒಂದು ಚಮಚ ನೀರಿನಲ್ಲಿ ಕರಗುವ 250 ಮಿಲಿಗ್ರಾಂ ಮಾತ್ರೆ ಇದೆ. ಸಿರಪ್ಪಿನ ಬಾಟಲಿಗಿಂತ ಇಡುವುದೂ ಸುಲಭ, ಅಳೆಯುವುದೂ ಸುಲಭ. ತಾಯಂದಿರು ಮಾತ್ರ "ಇಷ್ಟು ದೂರ ಬಂದಿದ್ದೀವಿ, ಒಂದು ಸೂಜಿನಾದ್ರೂ ಹಾಕಿ ಡಾಕ್ಟ್ರೇ" ಅನ್ನುತ್ತಾರೆ. ಮಕ್ಕಳ ಡಾಕ್ಟರ್ ಹೇಳಿದ್ದು ಇಷ್ಟೇ, "ಮಾತ್ರೆ ತರಿಸಿ, ತಾಯಂದಿರ ಜೊತೆ ನಾನು ಮಾತಾಡ್ತೀನಿ."

ದಾಸ್ತಾನು ಪುಸ್ತಕ ನೋಡಿದೆ. ಆ ಮಾತ್ರೆಯ ಸಾಲಿನಲ್ಲೂ ಸೊನ್ನೆ. ಈ ಸಲ ಮಕ್ಕಳ ವಾರ್ಡಿನ ರಿಜಿಸ್ಟರಿನಿಂದ ಕೆಮ್ಮು, ಏದುಸಿರಿನ ಮಕ್ಕಳನ್ನು ಎಣಿಸಿ ಇಂಡೆಂಟ್ ಬರೆದೆ. ಷರಾ ಕಾಲಂನಲ್ಲಿ "ಬೇಡಿಕೆ ಇಲ್ಲ" ಅಂತ ಬರೆಯಲಿಲ್ಲ, "ವರ್ಷವಿಡೀ ದಾಸ್ತಾನು ಇರಲಿಲ್ಲ" ಅಂತ ಬರೆದೆ. ಇಂಡೆಂಟ್ ಹೋಗಿದೆ. ಮಾತ್ರೆ ಇನ್ನೂ ಬಂದಿಲ್ಲ.